ಎಡಗೈಯ ಆರು ಬಳೆಗಳು

ಮಾವಿನಕುರ್ವೆ, ಹೊನ್ನಾವರ
೧೨ ಜುಲೈ ೨೦೨೪

ಮಾಲಿನಿ ಅಕ್ಕನಿಗೆ,

ಹೊನ್ನಮ್ಮ ಬರೆಯುವುದು. ಮೊದಲ ಸಾಲಿನಲ್ಲಿ ಕ್ಷೇಮ ಅಂತ ಬರೆಯುವುದು ರೂಢಿ. ನನಗೆ ಆ ಸುಳ್ಳು ಬರೆಯಲು ಕೈ ಬರುವುದಿಲ್ಲ, ಬಿಟ್ಟಿದ್ದೇನೆ.

ನಿಮ್ಮ ಫೋನನ್ನು ನಾನು ಎತ್ತದೆ ಹನ್ನೊಂದು ತಿಂಗಳಾಯಿತು. ಸಿಟ್ಟು ಒಂದು ಕಾರಣ. ಇನ್ನೊಂದು, ನಿಮ್ಮ ಸ್ವರ ನಿಮ್ಮ ತಮ್ಮನ ಸ್ವರದ ಹಾಗೆಯೇ ಇದೆ, ಕೇಳಲಿಕ್ಕೆ ಆಗುವುದಿಲ್ಲ. ಕಳೆದ ಆಗಸ್ಟಿನಲ್ಲಿ ಅಳಿವೆ ಬಾಯಲ್ಲಿ ದೋಣಿ ಮುಗುಚಿದಾಗ ಐವರಲ್ಲಿ ನಾಲ್ವರು ಈಜಿ ಬಂದರು, ಅವರು ಬರಲಿಲ್ಲ. ಅವರ ದೇಹವೂ ಬರಲಿಲ್ಲ. ಮೂರನೆಯ ದಿನ ದಂಡೆಯ ಮೇಲೆ ಊರಿನವರೆಲ್ಲ ನಿಂತಿದ್ದಾಗ ನೀವು ನನ್ನನ್ನು ತೋರಿಸಿ, ಇವಳ ಜಗಳವೇ ನನ್ನ ತಮ್ಮನನ್ನು ಕಡಲಿಗೆ ದೂಡಿದ್ದು ಅಂದಿರಿ. ಆ ಮಾತು ಈಗಲೂ ಊರಿನಲ್ಲಿದೆ. ಬಂದರಿನಲ್ಲಿ ನನಗೆ ಯಾರೂ ಮೀನಿನ ಬುಟ್ಟಿ ಎತ್ತಿ ಕೊಡುವುದಿಲ್ಲ. ಪಕ್ಕದ ಮನೆಯ ಈರಮ್ಮ ನನ್ನನ್ನು ಕಂಡರೆ ಬಾವಿಕಟ್ಟೆಯಿಂದ ಕೊಡ ಎತ್ತಿಕೊಂಡು ಹೋಗುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮಹಾಲಯ ಪಕ್ಷ ಶುರುವಾಗುವುದರೊಳಗೆ ಅವರ ಕ್ರಿಯೆ ಮುಗಿಸಬೇಕು ಅಂತ ಭಟ್ಟರು ಹೇಳಿದ್ದಾರೆ. ದರ್ಭೆಯ ಗೊಂಬೆ ಮಾಡಿ ಸುಡುತ್ತಾರಂತೆ. ಅವತ್ತೇ ನನ್ನ ಬಳೆ ಒಡೆಯುತ್ತಾರೆ, ಕರಿಮಣಿ ತೆಗೆಯುತ್ತಾರೆ. ಅತ್ತೆ ಒಪ್ಪಿದ್ದಾರೆ. ನನ್ನನ್ನು ಯಾರೂ ಕೇಳಲಿಲ್ಲ.

ನೀವು ಗ್ಯಾಸ್ ಟಾರ್ಚಿನ ಉರಿಯಲ್ಲಿ ಗಾಜು ಕರಗಿಸಿ ಹಾರ್ಟಿನ ಪೆಂಡೆಂಟು ಮಾಡುತ್ತೀರಲ್ಲ, ನನಗೆ ಒಂದು ಮಾಡಿಕೊಡಿ. ಅವರು ನನಗೆ ತೊಡಿಸಿದ ಹಸಿರು ಬಳೆಗಳನ್ನೇ ಕರಗಿಸಿ ಮಾಡಿ. ಹನ್ನೆರಡೂ ಇವೆ. ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಕಿ ನಮ್ಮ ಕೇರಿಯ ಪ್ರವೀಣನ ಕೈಲಿ ಕಳಿಸಿದ್ದೇನೆ. ಅವನು ದಿನಾ ಕುಮಟೆಗೆ ಅಂಗಡಿ ಕೆಲಸಕ್ಕೆ ಬರುವುದು ನಿಮಗೆ ಗೊತ್ತಿದೆ. ಊರಿನವರು ಒಡೆಯುವ ಮೊದಲು ನೀವು ಕರಗಿಸಿ. ಕರಿಮಣಿ ಹೋದ ಮೇಲೆ ಕೊರಳಲ್ಲಿ ಅವರದೊಂದು ಇರಬೇಕು. ಇಷ್ಟು ಬಿಟ್ಟು ನಿಮ್ಮಿಂದ ನಾನು ಏನನ್ನೂ ಕೇಳುವುದಿಲ್ಲ.

ಇಂತಿ,
ಹೊನ್ನಮ್ಮ


ಕುಮಟಾ
೧೮ ಜುಲೈ ೨೦೨೪

ಹೊನ್ನಮ್ಮಾ,

ಡಬ್ಬಿ ಬಂತು. ಮುಚ್ಚಳ ತೆಗೆದು ಮತ್ತೆ ಮುಚ್ಚಿಟ್ಟೆ. ಎರಡು ದಿನ ಅದರ ಕಡೆ ನೋಡಲಿಲ್ಲ. ಮೂರನೆಯ ದಿನ ನಮ್ಮವರೇ, ನಿನ್ನ ನಿತ್ಯಾನಂದ ಬಾವ, ಕೇಳಿದರು: "ಮಾಡ್ತೆ ಇಲ್ಲ ಅಂದ್ರೆ ತಿರುಗಿ ಕಳಿಸು. ಮಾಡ್ತೆ ಅಂದ್ರೆ ಟಾರ್ಚ್ ಹಚ್ಚು. ಡಬ್ಬಿ ಎದುರಿಗೆ ಇಟ್ಕಂಡು ಮೋರೆ ಊದಿಸ್ಕಂಡು ಕೂತ್ರೆ ಎಂತ ಆತು?"

ಬಳೆಯ ಗಾಜು ನನ್ನ ಗಾಜಲ್ಲ. ನಾನು ಕಡ್ಡಿಯಾಗಿ ಬರುವ ಗಾಜಿನಲ್ಲಿ ಕೆಲಸ ಮಾಡುವವಳು. ಅದರ ಗುಣ ನನಗೆ ಗೊತ್ತು, ನನ್ನ ಗುಣ ಅದಕ್ಕೆ ಗೊತ್ತು. ಬಳೆ ಯಾವ ಕುಲುಮೆಯದೋ ಏನೋ. ಆದರೂ ಮಾಡುತ್ತೇನೆ. ನಿನಗಾಗಿ ಅಂತ ತಿಳಿಯಬೇಡ. ಅವನು ತೊಡಿಸಿದ ಬಳೆಯನ್ನು ಕಂಡವರ ಕೈಯಲ್ಲಿ ಒಡೆಸಲು ನನಗೂ ಮನಸ್ಸಿಲ್ಲ.

ಒಂದು ಸಮಾಧಾನ ಹೇಳುತ್ತೇನೆ. ಕರಗಿಸಲಿಕ್ಕೆ ಬಳೆ ಒಡೆಯಬೇಕಾಗಿಲ್ಲ. ತವೆಯ ಮೇಲೆ ಇಟ್ಟು ನಿಧಾನ ಬಿಸಿ ಮಾಡಿ, ಒಂದು ಕಡೆ ಜ್ವಾಲೆಗೆ ಹಿಡಿದರೆ ಅಲ್ಲಿ ಮೆತ್ತಗಾಗಿ ಬಿಡುತ್ತದೆ. ಎಳೆದರೆ ಕಡ್ಡಿಯಾಗುತ್ತದೆ. ಆಮೇಲೆ ತುದಿಯಲ್ಲಿ ಉಂಡೆ ಕಟ್ಟಬೇಕು, ಒತ್ತಿ ಚಪ್ಪಟೆ ಮಾಡಬೇಕು, ನೆತ್ತಿಯ ಮೇಲೆ ಅಲಗು ಊರಿ ಸೀಳು ಬಿಡಬೇಕು. ಸೀಳಿನ ಎರಡೂ ಕಡೆ ಬಿಸಿ ತಾಗಿಸಿದರೆ ಗಾಜೇ ದುಂಡಗಾಗುತ್ತದೆ. ಕೆಳಗಿನ ಮೊನೆ ಎಳೆದು, ಮೇಲೆ ಕೊಂಡಿ ಬೆಸೆದರೆ ಮುಗಿಯಿತು. ಬರೆಯಲಿಕ್ಕೆ ನಾಲ್ಕು ಸಾಲು, ಕಲಿಯಲಿಕ್ಕೆ ನನಗೆ ನಾಲ್ಕು ವರ್ಷ. ನಮ್ಮವರು ಮುಂಬೈಯಲ್ಲಿ ಪ್ರಯೋಗಶಾಲೆಯ ಗಾಜಿನ ನಳಿಗೆಗಳನ್ನು ಊದಿ ಮಾಡುತ್ತಿದ್ದವರು. ಅವರ ಕಣ್ಣು ಮಂಜಾದ ಮೇಲೆ ಟಾರ್ಚು ನನ್ನ ಕೈಗೆ ಬಂತು.

ಹತ್ಯಾರು ಒಂದೂ ಅಂಗಡಿಯದಲ್ಲ. ಸೈಕಲ್ ಕಡ್ಡಿ, ಕೊಡೆ ಕಡ್ಡಿ, ಹಳೆಯ ಕ್ಷೌರದ ಕತ್ತಿ. ಒತ್ತುವ ಇಕ್ಕಳ ಮಾತ್ರ ತಮ್ಮ ವೆಂಕಟ್ರಮಣ ಮಾಡಿಕೊಟ್ಟದ್ದು. ಒಡೆಯಲಿಕ್ಕೆ ಹಾಕಿದ್ದ ಹಳೆಯ ದೋಣಿಯಿಂದ ಎರಡು ಹಿತ್ತಾಳೆ ತಗಡು ಕಿತ್ತು ತಂದು, ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಬಿಜಾಗರಿ ಹಾಕಿ ಕೂಡಿಸಿದ್ದ. ಅದರಲ್ಲೇ ಒತ್ತುತ್ತೇನೆ.

ಒಂದು ಮಾತು ಕೇಳಬೇಕು. ಹನ್ನೆರಡೂ ಒಂದೇ ಡಜನಿನವೇ? ಸರಿಯಾಗಿ ನೆನಪು ಮಾಡಿ ಬರೆ. ಕೆಲಸಕ್ಕೆ ಬೇಕು.

ಮಾಲಿನಿ


ಮಾವಿನಕುರ್ವೆ
೨೩ ಜುಲೈ ೨೦೨೪

ಅಕ್ಕಾ,

ಹನ್ನೆರಡೂ ಒಂದೇ ಡಜನಿನವು.

ಕ್ರಿಯೆಗೆ ದಿನ ಇಟ್ಟರು. ಚೌತಿ ಕಳೆದು ಬರುವ ಎರಡನೆಯ ಭಾನುವಾರ, ಸೆಪ್ಟೆಂಬರ್ ಹದಿನೈದು. ಅದರೊಳಗೆ ಆಗಬೇಕು.

ಕೈಗೆ ಪ್ಲಾಸ್ಟಿಕ್ಕಿನ ಹಸಿರು ಬಳೆ ಹಾಕಿಕೊಂಡಿದ್ದೇನೆ. ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆ ನಿನ್ನೆ ಅಕ್ಕಿ ಗೇರುವಾಗ ತಲೆಯೆತ್ತಿ, "ನಿನ್ನ ಕೈ ಸದ್ದೇ ಮಾಡ್ತಿಲ್ಲ, ಎಂತಕೆ?" ಅಂದರು. ಸೀರೆ ಸೆರಗು ಸುತ್ತಿಕೊಂಡಿದೆ ಅಂತ ಹೇಳಿದೆ.

ಇಂತಿ,
ಹೊನ್ನಮ್ಮ


ಕುಮಟಾ
೫ ಆಗಸ್ಟ್ ೨೦೨೪

ಹೊನ್ನಮ್ಮಾ,

ಮೊನ್ನೆ ಗುರುವಾರ ಒಂದು ಮಾಡಿದೆ. ಮೂರು ಬಳೆ ಹಿಡಿಯಿತು. ಚಿನ್ನದ ಬಣ್ಣದ ಚುಕ್ಕಿ ಇದ್ದವಲ್ಲ, ಅವನ್ನು ಮೊದಲು ಕಲ್ಲಿಗೆ ಉಜ್ಜಿ ತೆಗೆದೆ. ಹಾರ್ಟು ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಬಣ್ಣ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು. ಬಿಸಿಲಿಗೆ ಹಿಡಿದರೆ ಎಳೆ ಬಾಳೆಸುಳಿಯ ಹಸಿರು. ಹೊಗಳಿಕೊಳ್ಳುವುದಲ್ಲ, ಹತ್ತು ವರ್ಷದಲ್ಲಿ ಇಷ್ಟು ಸಮನಾದ ಸೀಳು ನನ್ನ ಕೈಯಲ್ಲಿ ಬಿದ್ದಿರಲಿಲ್ಲ.

ಗಾಜನ್ನು ಜ್ವಾಲೆಯಿಂದ ತೆಗೆದ ಕೂಡಲೇ ಹೊರಗಿಡಬಾರದು. ಮಡಕೆಯಲ್ಲಿ ಉಮಿಬೂದಿ ಬಿಸಿ ಮಾಡಿ ಅದರಲ್ಲಿ ಹುಗಿದಿಡುತ್ತೇನೆ. ಇಡೀ ದಿನ ಅದು ತನ್ನಷ್ಟಕ್ಕೆ ತಣಿಯಬೇಕು. ಶುಕ್ರವಾರ ತೆಗೆದೆ, ಚೆನ್ನಾಗಿತ್ತು. ಪ್ರವೀಣನಿಗೆ ಕೊಡಲಿಕ್ಕೆ ಪೊಟ್ಟಣ ಕಟ್ಟಬೇಕು ಅಂತ ಇವತ್ತು ಬೆಳಿಗ್ಗೆ ಕೈಗೆತ್ತಿಕೊಂಡರೆ ನಡುವೆ ಕೂದಲೆಳೆಯಂಥ ಬಿರುಕು. ಮೇಜಿನ ಮೇಲಿಟ್ಟು ಚಾ ಕುಡಿದು ಬರುವುದರೊಳಗೆ ಎರಡು ಹೋಳು.

ಮಳೆಗಾಲದ ಬೂದಿ, ತೇವ ಹಿಡಿದಿರಬೇಕು. ಹೊಸ ಉಮಿ ಸುಡಿಸುತ್ತೇನೆ. ಒಂಬತ್ತು ಬಳೆ ಉಳಿದಿವೆ. ಹೆದರಬೇಡ.

ಮಾಲಿನಿ


ಕುಮಟಾ
೧೯ ಆಗಸ್ಟ್ ೨೦೨೪

ಹೊನ್ನಮ್ಮಾ,

ನಿನ್ನಿಂದ ಉತ್ತರವಿಲ್ಲ. ಇರಲಿ.

ಎರಡನೆಯದೂ ಹೋಯಿತು. ಬೂದಿ ಹೊಸದು, ಮಡಕೆ ಹೊಸದು, ಎರಡು ದಿನ ಒಲೆಯ ಬುಡದಲ್ಲಿಟ್ಟು ತಣಿಸಿದ್ದೆ. ನಾಲ್ಕು ಬಳೆ ಹಾಕಿದ್ದೆ, ಗಟ್ಟಿಯಾಗಲಿ ಅಂತ. ಏಳು ದಿನ ಸುಮ್ಮನಿತ್ತು. ಎಂಟನೆಯ ದಿನ ಯಾರೂ ಮುಟ್ಟದೆ, ಕಪಾಟಿನೊಳಗೆ, ಟಿಕ್ ಅಂತ ಸದ್ದಾಯಿತು. ನಮ್ಮವರಿಗೆ ಕಣ್ಣು ಕಾಣುವುದಿಲ್ಲ, ಆದರೆ ಗಾಜಿನ ಸದ್ದು ಅವರಿಗೆ ಗೊತ್ತಾಗದೆ ಇರುವುದಿಲ್ಲ. ಹೋಳುಗಳನ್ನು ಬೆರಳಲ್ಲಿ ಸವರಿ ನೋಡಿ, "ಇದು ಬೂದಿ ತಪ್ಪಲ್ಲ. ಎರಡು ಜಾತಿ ಗಾಜು ಸೇರ್ಕಂಡಿದೆ ಇದ್ರಲ್ಲಿ" ಅಂದರು.

ಎರಡು ಕುಲುಮೆಯ ಗಾಜು ಬಿಸಿಯಲ್ಲಿ ಕೂಡಿದ ಹಾಗೆ ಕಾಣುತ್ತದೆ. ತಣಿಯುವಾಗ ಒಂದು ಹೆಚ್ಚು ಕುಗ್ಗುತ್ತದೆ, ಒಂದು ಕಡಿಮೆ. ಒಳಗೊಳಗೇ ಜಗ್ಗಾಡುತ್ತವೆ. ಇವತ್ತಲ್ಲ ನಾಳೆ ಬಿಟ್ಟುಕೊಳ್ಳುತ್ತವೆ. ಬಣ್ಣ ಒಂದೇ ಇದ್ದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ.

ಐದು ಬಳೆ ಉಳಿದಿವೆ. ಕೆಟ್ಟರೆ ಮತ್ತೆ ಇಲ್ಲ. ಆದ್ದರಿಂದ ಕೇಳುತ್ತೇನೆ, ನೆಟ್ಟಗೆ ಹೇಳು. ನೀನು ನನಗೆ ಸುಳ್ಳು ಹೇಳಬಹುದು, ನಾನು ನಂಬಲೂಬಹುದು. ಗಾಜು ನಂಬುವುದಿಲ್ಲ. ಹನ್ನೆರಡೂ ಅವನು ತೊಡಿಸಿದ್ದು ಹೌದೋ ಅಲ್ಲವೋ?

ಮಾಲಿನಿ


ಮಾವಿನಕುರ್ವೆ
೨೩ ಆಗಸ್ಟ್ ೨೦೨೪

ಅಕ್ಕಾ,

ಅಲ್ಲ.

ಬಲಗೈಯ ಆರು ಅವರು ತೊಡಿಸಿದ್ದು. ಎಡಗೈಯ ಆರು ನಾನು ಕೊಂಡದ್ದು.

ಅವರು ಹೋಗುವ ಹಿಂದಿನ ದಿನ ಸಂಜೆ ಜಗಳವಾಯಿತು. ಜಗಳ ಆದದ್ದು ನಿಮಗೂ ಊರಿಗೂ ಗೊತ್ತು, ಯಾವುದಕ್ಕೆ ಅಂತ ಯಾರೂ ಕೇಳಲಿಲ್ಲ. ನಾನು ಹೋಗಬೇಡಿ ಅಂದಿದ್ದೆ. ಅಳಿವೆಯಲ್ಲಿ ಇನ್ನೂ ತೂಫಾನು ಇಳಿದಿಲ್ಲ, ಈ ವರ್ಷ ಕಡಲು ಬಿಡಿ, ಕುಮಟೆಗೆ ಹೋಗಿ ಅಕ್ಕನ ಹತ್ತಿರ ಗಾಜಿನ ಕೆಲಸ ಕಲಿಯಿರಿ, ನಿಮ್ಮ ಕೈಯಲ್ಲಿ ಹತ್ಯಾರು ಚೆನ್ನಾಗಿ ಆಗುತ್ತದೆ ಅಂದೆ. ಅವರಿಗೆ ಸಿಟ್ಟು ಬಂತು. "ಹಾರ್ಟು ಮಾಡಿ ಮಾರೂದು ಗಂಡಸ್ರ ಕೆಲ್ಸನಾ?" ಅಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಎಡಗೈ ಹಿಡಿದು ಎಳೆದರು, ಆರೂ ಬಳೆ ಒಂದೇ ಸಲಕ್ಕೆ ಹೋದವು. ಚೂರು ಅವರ ಅಂಗೈಗೂ ಹೊಕ್ಕಿತು. ರಕ್ತ ನೋಡಿ ಜಗಳ ಅಲ್ಲಿಗೇ ನಿಂತಿತು. ಬೆಳಗಾಗುವ ಮೊದಲೇ ಹೋಗಿಬಿಟ್ಟಿದ್ದರು.

ಗಂಡ ಕಡಲಿನಲ್ಲಿರುವಾಗ ಹೆಂಡತಿಯ ಕೈ ಬರಿದಾಗಿರಬಾರದು ಅಂತ ನನಗೆ ಗೊತ್ತಿಲ್ಲವೇ? ಹುಟ್ಟಿದಾಗಿನಿಂದ ತವರೂರು ಬೆಳಕೆಯಲ್ಲಿ ಕೇಳಿ ಬೆಳೆದವಳು ನಾನು. ಎದ್ದು ಮುಖ ತೊಳೆದು ಹೊನ್ನಾವರ ಪೇಟೆಗೆ ಓಡಿದೆ. ಬಳೆ ಅಂಗಡಿ ತೆರೆದದ್ದು ಹತ್ತು ಗಂಟೆಗೆ. ಮೆಟ್ಟಿಲ ಮೇಲೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾದು ಕೂತೆ. ಅದೇ ಹಸಿರು ಸಿಕ್ಕಿತು. ಆರು ತೊಟ್ಟುಕೊಂಡು ಇನ್ನೇನು ಭಯವಿಲ್ಲ ಅಂತ ಮನೆಗೆ ಬಂದೆ. ದೋಣಿ ಮುಗುಚಿದ್ದು ಒಂಬತ್ತೂವರೆಗೆ ಅಂತ ಆಮೇಲೆ ತಿಳಿಯಿತು.

ಅರ್ಧ ಗಂಟೆ ಅಕ್ಕಾ. ನೀವು ದಂಡೆಯ ಮೇಲೆ ಆ ಮಾತು ಅಂದಾಗ ನಾನು ಯಾಕೆ ಎದುರಾಡಲಿಲ್ಲ ಅಂತ ನಿಮಗೆ ಈಗ ಗೊತ್ತಾಗಿರಬಹುದು. ನೀವು ಅಂದದ್ದು ತಪ್ಪು, ಆದರೆ ನಾನೇ ಕೊಂದೆ ಅಂತ ನನಗೂ ಅನಿಸಿತ್ತು. ಈಗಲೂ ಅನಿಸುತ್ತದೆ. ಹನ್ನೆರಡೂ ಅವರವೇ ಅಂತ ನಿಮಗೆ ಹೇಳುತ್ತಾ ಹೇಳುತ್ತಾ ನನಗೇ ಅದು ನಿಜ ಆದೀತು ಅಂದುಕೊಂಡಿದ್ದೆ.

ಅವರವು ಯಾವುವು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಒಳಗಿನಿಂದ ಬೆರಳಾಡಿಸಿ ನೋಡಿ. ಅವರವಕ್ಕೆ ಬೆಸುಗೆಯ ಕಡೆ ಸಣ್ಣ ಗಂಟು ತಾಗುತ್ತದೆ, ನನ್ನವು ನುಣುಪು. ಎಷ್ಟು ಉಳಿದಿವೆಯೋ ನೋಡಿ ಬೇಗ ಬರೆಯಿರಿ. ಒಂದಕ್ಕಾದರೂ ಸಾಕಾದೀತೇ?

ಇಲ್ಲಿ ಅತ್ತೆಗೆ ಪ್ಲಾಸ್ಟಿಕ್ ಬಳೆ ಗೊತ್ತಾಯಿತು. ಬಯ್ಯಲಿಲ್ಲ. ಭಟ್ಕಳಕ್ಕೆ ಹೋದವರ ಹತ್ತಿರ ಹೊಸದೊಂದು ಡಜನು ಹಸಿರು ಬಳೆ ತರಿಸಿ ದೇವರ ಮುಂದೆ ಇಟ್ಟಿದ್ದಾರೆ. ಅವತ್ತು ಮೊದಲು ಅವನ್ನು ತೊಡಿಸಿ, ಆಮೇಲೆ ಒಡೆಯುವುದಂತೆ. ಹಳೆಯದನ್ನು ಕರಗಿಸಿದರೆ ಪಾರಾದೆ ಅಂತ ನಾನು ಎಣಿಸಿದ್ದು ದಡ್ಡತನ. ಒಡೆಯಬೇಕು ಅಂದವರಿಗೆ ಬಳೆಗೆ ಬರವೇ?

ಹೊನ್ನಮ್ಮ


ಕುಮಟಾ
೩೧ ಆಗಸ್ಟ್ ೨೦೨೪

ಹೊನ್ನಮ್ಮಾ,

ಐದರಲ್ಲಿ ಎರಡು ಅವನವು. ಗಂಟು ತಾಗಿತು. ಎರಡೇ ಬಳೆಯಲ್ಲಿ ಬುಧವಾರ ಮಾಡಿದೆ, ಸಣ್ಣದು, ಅವರೆಕಾಳಿಗಿಂತ ದೊಡ್ಡದು ಅನ್ನಬಹುದು ಅಷ್ಟೇ. ಕೊಂಡಿಯೂ ಅದೇ ಗಾಜಿನದು. ಬೂದಿಯಿಂದ ತೆಗೆದಿದ್ದೇನೆ, ಚೆನ್ನಾಗಿದೆ. ನಮ್ಮವರು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ, ಇದು ಉಳಿಯುತ್ತದೆ ಅಂದರು.

ಇಲ್ಲಿಗೆ ಪತ್ರ ಮುಗಿಸಬೇಕು ಅಂತ ಸಹಿ ಹಾಕಿದ್ದೆ. ಆ ಹಾಳೆ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಪತ್ರದಲ್ಲಿ ಜಗಳ ಯಾವುದಕ್ಕೆ ಅಂತ ಬರೆದಿದ್ದೀಯಲ್ಲ, ಅದು ನನಗೆ ಮೊದಲೇ ಗೊತ್ತಿತ್ತು. ದಂಡೆಯ ಮೇಲೆ ನಿನ್ನನ್ನು ಬೆರಳು ಮಾಡಿ ತೋರಿಸುವಾಗಲೂ ಗೊತ್ತಿತ್ತು.

ಆ ಬೆಳಿಗ್ಗೆ ಐದೂಕಾಲಿಗೆ ಅವನು ಬಂದರಿನಿಂದ ನನಗೆ ಫೋನು ಮಾಡಿದ್ದ. ಕಡಲು ಬಿಟ್ಟು ಗಾಜಿನ ಕೆಲಸ ಕಲಿಯಿರಿ ಅಂದಳು, ಜಗಳವಾಯಿತು, ಅವಳ ಬಳೆ ಒಡೆದುಹೋಯಿತು, ನನ್ನ ಕೈಯಲ್ಲೂ ಗಾಯ, ಹಗ್ಗ ಹಿಡಿಯಲಿಕ್ಕೆ ಆಗುತ್ತಿಲ್ಲ ಅಂದ. ಕಡಲು ನೆಟ್ಟಗಿಲ್ಲ, ದೋಣಿಯ ಯಜಮಾನರು ಬರುವವರು ಬನ್ನಿ ಬಿಡುವವರು ಬಿಡಿ ಅಂದಿದ್ದಾರೆ ಅಂದ. ಆಮೇಲೆ ಕೇಳಿದ: "ಅಕ್ಕಾ, ನಾ ಮನಿಗೆ ಹೋಗ್ಲಾ?"

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಇವತ್ತು ತಿರುಗಿ ಹೋದ್ರೆ ಜೀವ ಇರೂ ತನಕ ಅವಳ ಮಾತು ಕೇಳ್ಕಂಡಿರ್ಬೇಕು. ದೋಣಿ ಹತ್ತು. ನಾಲ್ಕು ದಿನ ಒಬ್ಬಳೇ ಕೂತು ಬುದ್ಧಿ ಕಲೀಲಿ."

ಆತು ಅಂದ. ಫೋನಿಟ್ಟ.

ಅಷ್ಟೇ. ಗಾಜಿನ ಕೆಲಸಕ್ಕೆ ಅವನನ್ನು ಕರೆಯಬೇಕು ಅಂತ ನನಗೂ ಎಷ್ಟೋ ಸಲ ಅನಿಸಿತ್ತು. ನೀನು ಮೊದಲು ಹೇಳಿದೆ ಅಂತ ಹೊಟ್ಟೆಕಿಚ್ಚಾಯಿತೋ ಏನೋ, ಆ ಗಳಿಗೆಯಲ್ಲಿ ನಾಲಿಗೆಗೆ ಅದೇ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನನ್ನ ಮಾತಿಗೆ ತಮ್ಮನೇ ಹೋದ. ಮೂರನೆಯ ದಿನ ದಂಡೆಯ ಮೇಲೆ ಜನ ಎಲ್ಲ ಹೇಗಾಯಿತು ಹೇಗಾಯಿತು ಅನ್ನುವಾಗ, ಎಲ್ಲಿ ಯಾರಾದರೂ ಅವನ ಫೋನಿನ ಸುದ್ದಿ ಎತ್ತುತ್ತಾರೋ ಅಂತ ಹೆದರಿಕೆಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಾರೂ ಕೇಳುವ ಮೊದಲೇ ನಿನ್ನ ಹೆಸರು ಹೇಳಿಬಿಟ್ಟೆ.

ಅವನು ಮನೆಗೆ ಬರಬೇಕು ಅಂತಿದ್ದ ಹೊನ್ನಮ್ಮಾ. ನಿನ್ನ ಹತ್ತಿರ ಬರಬೇಕು ಅಂತಿದ್ದ. ನಿನ್ನ ಅರ್ಧ ಗಂಟೆ ಅವನನ್ನು ಕೊಲ್ಲಲಿಲ್ಲ.

ಹಾರ್ಟು ಪ್ರವೀಣನ ಕೈಲಿ ಕಳಿಸಲೇ?

ಮಾಲಿನಿ


ಮಾವಿನಕುರ್ವೆ
೫ ಸೆಪ್ಟೆಂಬರ್ ೨೦೨೪

ಕಳಿಸಬೇಡಿ.

ನಿಮ್ಮ ಪತ್ರ ಓದಿ ಎರಡು ದಿನವಾಯಿತು. ಒಂದು ವರ್ಷ ನಾನು ಈ ಊರಿನಲ್ಲಿ ಹೇಗೆ ಬದುಕಿದೆ ಅಂತ ನಿಮಗೆ ಗೊತ್ತಿಲ್ಲ. ನಿಜ ಗೊತ್ತಿದ್ದೂ ಕುಮಟೆಯಲ್ಲಿ ಕೂತು ಗಾಜು ಊದುತ್ತಿದ್ದಿರಿ.

ಅವರು ಮನೆಗೆ ಬರಬೇಕು ಅಂತಿದ್ದರು ಅನ್ನುವುದನ್ನು ನನಗೆ ಆಗಲೇ ಹೇಳಿದ್ದರೆ ನಾನು ನಿಮ್ಮ ಕಾಲು ಹಿಡಿಯುತ್ತಿದ್ದೆ. ನಿಮ್ಮ ತಪ್ಪನ್ನೂ ನುಂಗಿಕೊಳ್ಳುತ್ತಿದ್ದೆ. ಈಗ ಆಗುವುದಿಲ್ಲ.

ನನಗೆ ಬರೆದದ್ದನ್ನು ಅತ್ತೆಗೆ ಬರೆಯಿರಿ. ಅತ್ತೆಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ಅದು ತಿಳಿದೇ ಬರೆಯಿರಿ. ಗಂಡನನ್ನು ಕಡಲಿಗೆ ದೂಡಿದವಳು ಅನ್ನಿಸಿಕೊಂಡು ನಾನು ಆ ಭಾನುವಾರ ಕೈ ನೀಡುವುದಿಲ್ಲ. ಹೊಳೆಗೆ ಬಿದ್ದರೂ ಬಿದ್ದೇನು.

ಹೊನ್ನಮ್ಮ


ಕುಮಟಾ
೯ ಸೆಪ್ಟೆಂಬರ್ ೨೦೨೪

ಅಮ್ಮಾ,

ನಿನ್ನ ಮಗಳು ಮಾಲಿನಿ ಬರೆಯುವುದು. ಹೊನ್ನಮ್ಮ ಇದನ್ನು ನಿನಗೆ ಓದಿ ಹೇಳುತ್ತಾಳೆ. ಅವಳು ಒಂದಕ್ಷರವನ್ನೂ ಸೇರಿಸುವುದಿಲ್ಲ, ನಾನು ಬರೆದದ್ದು ಇಷ್ಟೇ ಇದೆ.

ವೆಂಕಟ್ರಮಣ ಅವತ್ತು ಕಡಲಿಗೆ ಹೋಗಲು ಹಿಂದೆಮುಂದೆ ನೋಡಿದ್ದ. ಮನೆಗೆ ತಿರುಗಿ ಬರಲೇ ಅಂತ ನನ್ನನ್ನು ಫೋನಿನಲ್ಲಿ ಕೇಳಿದ. ಬೇಡ, ದೋಣಿ ಹತ್ತು ಅಂದವಳು ನಾನು. ಹೋಗಬೇಡಿ ಅಂತ ಬಾಗಿಲಿಗೆ ಅಡ್ಡ ನಿಂತವಳು ಹೊನ್ನಮ್ಮ. ದಂಡೆಯಲ್ಲಿ ನಾನು ಹೇಳಿದ್ದು ಸುಳ್ಳು. ಸುಳ್ಳು ಅಂತ ತಿಳಿದೇ ಹೇಳಿದೆ.

ನಿನ್ನ ಎದುರಿಗೆ ನಿಂತು ಇದನ್ನು ಹೇಳಲಿಕ್ಕೆ ನನಗೆ ಧೈರ್ಯ ಸಾಲಲಿಲ್ಲ. ಭಾನುವಾರ ನಾನು ಬರಬೇಕೋ ಬೇಡವೋ ನೀನೇ ಹೇಳು. ಬೇಡ ಅಂದರೆ ಮತ್ತೆ ಆ ಹೊಳೆ ದಾಟುವುದಿಲ್ಲ.

ನಿನ್ನ ಮಗಳು,
ಮಾಲಿನಿ


ಮಾವಿನಕುರ್ವೆ
೧೩ ಸೆಪ್ಟೆಂಬರ್ ೨೦೨೪

ಅಕ್ಕಾ,

ಪತ್ರ ನಿನ್ನೆ ಮಧ್ಯಾಹ್ನ ಬಂತು. ಬಂದ ಕೂಡಲೇ ಓದಲಿಲ್ಲ. ಭಾನುವಾರದ ವಿಷಯ ಮಾತಾಡಲಿಕ್ಕೆ ಈರಮ್ಮ, ಕೇರಿಯ ಇನ್ನೂ ಐದು ಮಂದಿ ಹೆಂಗಸರು ಸಂಜೆ ಬರುವವರಿದ್ದರು. ಅವರು ಬಂದು ಜಗಲಿಯಲ್ಲಿ ಕೂರುವ ತನಕ ಕಾದೆ. ಕಾದದ್ದಕ್ಕೆ ನನಗೆ ನಾಚಿಕೆಯಿಲ್ಲ. ನೀವು ಅಂದದ್ದೂ ನಾಲ್ಕು ಜನರ ಎದುರಿಗೇ.

ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಅತ್ತೆ ಕವಳ ಹಾಕುತ್ತಿದ್ದವರು ವೀಳ್ಯದೆಲೆಯನ್ನು ಕೆಳಗಿಟ್ಟು, "ಇನ್ನೊಂದ್ಸಲ ಓದು" ಅಂದರು. ಎರಡನೆಯ ಸಲ ಓದುವಾಗ ಅವರ ಮುಖ ನೋಡಿದೆ. ನೋಡಬಾರದಿತ್ತು. ವರ್ಷದಿಂದ ನನಗೆ ಬೇಕಿದ್ದದ್ದು ಕೈಗೆ ಬಂತು. ಬಂದ ಗಳಿಗೆಯಲ್ಲೇ, ಒಬ್ಬ ಮಗನನ್ನು ಕಳೆದುಕೊಂಡವರ ಕೈಯಿಂದ ಮಗಳನ್ನೂ ನಾನು ಕಿತ್ತುಕೊಳ್ಳುತ್ತಿದ್ದೇನೆ ಅಂತ ತಿಳಿಯಿತು. ಆದರೂ ಕೊನೆಯ ತನಕ ಓದಿದೆ.

ಈರಮ್ಮ ಏಳುವಾಗ ನನ್ನ ಭುಜ ಮುಟ್ಟಿ ಹೋದಳು. ಇವತ್ತು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನನಗೂ ಎರಡು ಕೊಡ ಸೇದಿಟ್ಟಿದ್ದಳು. ಊರಿನ ಬಾಯಿ ಹೀಗೂ ತಿರುಗುತ್ತದೆ. ನನಗೆ ಸಂತೋಷವೇನೂ ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ದೇವರ ಮುಂದಿದ್ದ ಹೊಸ ಬಳೆಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. ಕ್ರಿಯೆ ನಿಲ್ಲಿಸುವುದಿಲ್ಲ, ಮಗನಿಗೆ ನೀರು ಬಿಡಲೇಬೇಕು ಅಂದರು. ಆಮೇಲೆ ಇಷ್ಟು ಹೇಳಿದರು: "ನಾ ಒಡೂದಿಲ್ಲ, ಊರವ್ರೂ ಒಡೂದು ಬೇಡ. ಅವ್ಳೇ ಬಂದು ತನ್ನ ಕೈಯಾರೆ ಒಡೀಲಿ."

ಅದು ನಿಮಗೆ ಶಿಕ್ಷೆಯೋ, ಮಗಳು ಈ ನೆಪದಲ್ಲಾದರೂ ಮನೆಗೆ ಬರಲಿ ಅಂತಲೋ ನನಗೆ ಗೊತ್ತಾಗಲಿಲ್ಲ. ಕೇಳಲಿಕ್ಕೆ ಧೈರ್ಯವೂ ಬರಲಿಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆ ಅಂತ ನಾನು ಬರೆಯುವುದಿಲ್ಲ, ಬರೆದರೆ ಸುಳ್ಳಾಗುತ್ತದೆ. ಆದರೆ ನೀವು ಒಡೆಯುವುದಾದರೆ ನಾನು ಕೈ ಹಿಂದೆಗೆಯುವುದಿಲ್ಲ. ಅವರಿಗಾಗಿ ನನ್ನಷ್ಟು ಅಳುವವರು ಈ ಲೋಕದಲ್ಲಿ ಇನ್ನೊಬ್ಬರಿದ್ದರೆ ಅದು ನೀವೇ. ಹಾರ್ಟು ತರುವುದಾದರೆ ತನ್ನಿ, ಬೇಡ ಅನ್ನುವ ಶಕ್ತಿ ನನಗೂ ಇಲ್ಲ.

ಈ ಪತ್ರವನ್ನು ಪ್ರವೀಣನ ಕೈಯಲ್ಲೇ ಕೊಡುತ್ತಿದ್ದೇನೆ, ಅಂಚೆಗೆ ಹಾಕಿದರೆ ತಡವಾಗುತ್ತದೆ. ಭಾನುವಾರದ ತನಕ ಕಾಯಬೇಡಿ, ನಾಳೆ ಶನಿವಾರ ಮೊದಲ ಬಸ್ಸಿಗೇ ಹೊರಡಿ. ಅತ್ತೆ ನಿನ್ನೆ ಸಂಜೆಯಿಂದ ಗಂಜಿಯನ್ನೂ ಮುಟ್ಟಿಲ್ಲ, ನಾನು ಕೊಟ್ಟರೆ ಗೋಡೆಯ ಕಡೆ ತಿರುಗುತ್ತಾರೆ. ಬಂದವರು ಮೊದಲು ಅವರಿಗೆ ಎರಡು ತುತ್ತು ಉಣ್ಣಿಸಿ. ನನ್ನ ಕೈಬಳೆಯದು ಮರುದಿನ ನೋಡುವ.

ಹೊನ್ನಮ್ಮ